ಕೂಟ ತಪ್ಪಿಸಿಲ್ಲ, ಸಿಟ್ಟೂ ಬಿಟ್ಟಿಲ್ಲ

ಸಿಂಧನೂರಿನ ಓದುಗರೊಬ್ಬರ ಪತ್ರ: ‘ಭಾನುವಾರದ ಆರಾಧನೆ, ಬುಧವಾರದ ಮನೆಕೂಟ, ಶುಕ್ರವಾರದ ಉಪವಾಸ ಪ್ರಾರ್ಥನೆ. ಹದಿನೆಂಟು ವರ್ಷದಿಂದ ಒಂದನ್ನೂ ತಪ್ಪಿಸಿಲ್ಲ. ಆದರೂ ಸಿಟ್ಟು ಹೋಗಿಲ್ಲ, ತಮ್ಮನ ಜೊತೆ ಮಾತಿಲ್ಲ. ಪಾಸ್ಟರನ್ನು ಕೇಳಿದರೆ ಇನ್ನೂ ಜಾಸ್ತಿ ಕೂಟಕ್ಕೆ ಬನ್ನಿ ಅಂತಾರೆ. ಕೂಟಕ್ಕೆ ಹೋದರೆ ಸಾಕಾ, ವಿಶ್ವಾಸಿ ಬೆಳೆಯುತ್ತಾನಾ?’

ಉತ್ತರ:
ಬ್ರದರ್, ಇದನ್ನು ಕೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಕೂಡಿಬರುವುದನ್ನು ಬಿಡಬೇಡಿ ಅಂತ ಇಬ್ರಿಯರಿಗೆ ಬರೆದ ಪತ್ರದ 10:25ರಲ್ಲಿದೆ. ಒಪ್ಪಿದೆ. ಆದರೆ ಅದರ ಹಿಂದಿನ ವಚನವನ್ನೂ ಓದಿ. ಪ್ರೀತಿಗೂ ಒಳ್ಳೆ ಕೆಲಸಕ್ಕೂ ಒಬ್ಬರನ್ನೊಬ್ಬರು ಹುರಿದುಂಬಿಸಿ ಅನ್ನುತ್ತದೆ. ಕೂಡುವುದು ಅದಕ್ಕೆ. ಕೊರಿಂಥದ ಸಭೆಗೆ ಪೌಲ, ನೀವು ಸೇರುವುದರಿಂದ ಕೇಡೇ ಜಾಸ್ತಿ ಎಂದು ನೇರವಾಗಿಯೇ ಬರೆದ. ಅಲ್ಲಿ ಕೂಟಕ್ಕೆ ಬರ ಇರಲಿಲ್ಲ. ಉಳ್ಳವರು ಮೊದಲೇ ಉಂಡು ಏಳುತ್ತಿದ್ದರು, ಬಡವರು ಹಸಿದು ಕೂರುತ್ತಿದ್ದರು.

ಶಿಕಾಗೋ ಹತ್ತಿರ ವಿಲ್ಲೋ ಕ್ರೀಕ್ ಅಂತ ಭಾರೀ ಸಭೆ. ಅವರೇ ತಮ್ಮ ಜನರ ಸಮೀಕ್ಷೆ ಮಾಡಿಸಿ 2007ರಲ್ಲಿ ಪ್ರಕಟಿಸಿದರು. ಕಾರ್ಯಕ್ರಮಗಳಿಗೆ ಜಾಸ್ತಿ ಬಂದಷ್ಟಕ್ಕೇ ಜನ ಬೆಳೆಯುವುದಿಲ್ಲ ಅಂತ ಗೊತ್ತಾಯಿತು. ಬೆಳೆಸುವುದರಲ್ಲಿ ಮುಂದೆ ನಿಂತದ್ದು ತಾವೇ ಬೈಬಲ್ ಓದಿ ಯೋಚಿಸುವ ಅಭ್ಯಾಸ.

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಒಬ್ಬ ಅಮ್ಮ ಇದ್ದಾರೆ. ಕತ್ತರಿ ಪಕ್ಕಕ್ಕಿಟ್ಟು, ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಾರೆ. ಒಂದು ಸಲ ಲೂಕ 15ರಲ್ಲಿ ಮನೆ ಬಿಟ್ಟು ಹೋಗಿ ಮರಳಿದ ಕಿರಿಮಗನ ಕಥೆ ಓದಿ ನನ್ನನ್ನು ಕೇಳಿದರು: ‘ತಮ್ಮ ಮನೆಗೆ ಬಂದ, ಸರಿ. ಸಿಟ್ಟು ಮಾಡ್ಕೊಂಡು ಹೊರಗೆ ನಿಂತ ಅಣ್ಣ ಕಡೆಗೆ ಒಳಗೆ ಬಂದ್ನಾ ಇಲ್ವಾ?’ ಆ ಅಧ್ಯಾಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ, ಈ ಪ್ರಶ್ನೆ ಯಾರೂ ಎತ್ತಿರಲಿಲ್ಲ. ಯೇಸು ಅದನ್ನು ಹೇಳದೆ ನಿಲ್ಲಿಸಿದ್ದಾನೆ. ಆ ವಾರವೇ ಅಮ್ಮ ಮಾತು ಬಿಟ್ಟಿದ್ದ ತಂಗಿಯ ಮನೆಗೆ ಹೋದರು.

ನನಗೆ ಸಂಕಟ ಆಗುವುದು ಇಲ್ಲೇ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. ಯಾಕೆ? ನಾವು ನಾವೇ ಓದಲಿ ಅಂತ ಅಲ್ವಾ? ಈಗ ನೋಡಿ, ದೊಡ್ಡ ಸ್ಪೀಕರ್, ಕೀಬೋರ್ಡ್, ಹೊರಗಿಂದ ಬಂದ ಪ್ರಸಂಗಿ. ಜನ ಆಮೆನ್ ಅಂದು ಎದ್ದು ಹೋಗುತ್ತಾರೆ. ಪೌಲ ಹೇಳಿದ್ದು ಹೌದೋ ಅಲ್ಲವೋ ಎಂದು ಬೆರೋಯ ಎಂಬ ಊರಿನವರು ದಿನಾ ಗ್ರಂಥ ತೆರೆದು ನೋಡುತ್ತಿದ್ದರು, ಅದಕ್ಕೆ ಹೊಗಳಿಕೆಯೇ ಸಿಕ್ಕಿತು. ನಮ್ಮಲ್ಲಿ ಪ್ರಶ್ನೆ ಕೇಳಿದವನಿಗೆ ವಿಶ್ವಾಸ ಕಮ್ಮಿ ಅನ್ನುವ ಹೆಸರು! ಪ್ರಸಂಗ ಆದ ಮೇಲೆ ಪ್ರಶ್ನೆಗೆ ಹತ್ತು ನಿಮಿಷ ಬಿಟ್ಟರೆ ಏನು ಕಳೆದುಹೋಗುತ್ತದೆ?

ನೀವು ಭಾನುವಾರದ ಆರಾಧನೆಗೆ ಹೋಗಿ. ಈ ಬುಧವಾರ ಮಾತ್ರ ಮನೆಕೂಟ ಬಿಟ್ಟು ತಮ್ಮನ ಮನೆಗೆ ಹೋಗಿ. ಪಾಸ್ಟರ್ ಕೇಳಿದರೆ ಸಂಪಾದಕರು ಹೇಳಿದರು ಅನ್ನಿ.