ನವೆಂಬರ್ 1ರಿಂದ ಶುರುವಾಗುವ ಪಾಠ

ಕೇರಳದೊಳಗಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಸಂವಿಧಾನ ಹೇಗೆ ಕಲಿಸ್ತೀರಿ, ಯಾವ ಭಾಷೆಯಲ್ಲಿ ಅಂತ ಕೇಳಿದ್ರಿ. ಕನ್ನಡದಲ್ಲೇ. ಕಾಸರಗೋಡು, ಮಂಜೇಶ್ವರ ಕಡೆ ಕನ್ನಡ ಮೀಡಿಯಂ ಶಾಲೆಗಳು ಈಗಲೂ ಇವೆ. ಪಾಠಪುಸ್ತಕ ಕೇರಳ ಸರಕಾರದ್ದು, ಅಕ್ಷರ ನಮ್ಮದು. ನಾನು ಅಲ್ಲಿ ಸಮಾಜ ವಿಜ್ಞಾನದ ಟೀಚರ್.

ಪೀಠಿಕೆಯನ್ನು ಬಾಯಿಪಾಠ ಮಾಡಿಸಲು ಒಂದು ವಾರ ಸಾಕು. ಆದರೆ ಆ ಮಾತು ಮಕ್ಕಳಿಗೆ ತಮ್ಮದು ಅನ್ನಿಸಬೇಕಲ್ವಾ? ಅದಕ್ಕೇ ನಾನು ಸಂವಿಧಾನ ಅಂಗೀಕಾರವಾದ 1949ರ ನವೆಂಬರ್ 26ರಿಂದ ಶುರು ಮಾಡುವುದಿಲ್ಲ, 1956ರ ನವೆಂಬರ್ 1ರಿಂದ ಮಾಡುತ್ತೇನೆ. ನಿಮಗೆ ಅದು ರಾಜ್ಯೋತ್ಸವ. ಇಲ್ಲಿ ಕೇರಳ ಹುಟ್ಟಿದ ದಿನ. ಅಲ್ಲಿವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಅಜ್ಜಂದಿರು ಮನೆ ಬಿಟ್ಟು ಕದಲಲಿಲ್ಲ, ರಾಜ್ಯ ಮಾತ್ರ ಬದಲಾಯಿತು. ಅದೇ ದಿನ ಸಂವಿಧಾನದ 7ನೇ ತಿದ್ದುಪಡಿ ಜಾರಿಗೆ ಬಂದು 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಯುವ ಸೌಕರ್ಯ ಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅನ್ನುತ್ತದೆ ಅದು. ಎರಡನ್ನೂ ಬೋರ್ಡಿನಲ್ಲಿ ಪಕ್ಕಪಕ್ಕ ಬರೆದಾಗ ಕ್ಲಾಸು ಸುಮ್ಮನಾಗುತ್ತದೆ. ಗಡಿಯ ಗೆರೆ ಎಳೆಯುವಾಗ ಆಚೆ ಉಳಿದವರ ಮಕ್ಕಳೂ ನೆನಪಿನಲ್ಲಿದ್ದರು ಅಂತ ಅವರಿಗೆ ಗೊತ್ತಾಗುವುದು ಆಗ.

ಪದಗಳ ಹತ್ತಿರ ಬಂದರೆ ಇನ್ನೊಂದು ಕಥೆ. ನಮ್ಮ ಪುಸ್ತಕದಲ್ಲಿ ‘ಜಾತ್ಯತೀತ’. ಪಕ್ಕದ ಕೋಣೆಯ ಮಲಯಾಳಂ ಮಕ್ಕಳ ಬಾಯಲ್ಲಿ ಅದೇ ಪದ ‘ಮತೇತರ’. ನಮ್ಮ ಮಕ್ಕಳಿಗೆ ಮತ ಅಂದ ಕೂಡಲೇ ಹೊಳೆಯುವುದು ಓಟು. “ಮತೇತರ ಅಂದ್ರೆ ಓಟು ಇಲ್ಲದವರಾ ಟೀಚರೇ?” ಅಂತ ಒಬ್ಬ ಕೇಳಿದ. ಇಡೀ ಪೀರಿಯಡ್ ಅದರಲ್ಲೇ ಹೋಯಿತು, ಹೋದದ್ದು ಒಳ್ಳೆಯದೇ ಆಯಿತು. ಕನ್ನಡದ ಪದ ಜಾತಿಯನ್ನು ದಾಟು ಅನ್ನುತ್ತದೆ. ಮಲಯಾಳದ್ದು ಧರ್ಮವನ್ನು ಬದಿಗಿಡು ಅನ್ನುತ್ತದೆ. ಮಕ್ಕಳಿಗೆ ಎರಡೂ ಬೇಕು. ಒಂದೇ ಭಾಷೆಯ ಊರಲ್ಲಿ ಈ ಮಾತು ಎದ್ದೇಳುತ್ತಿತ್ತಾ?

ಕಷ್ಟ ಇಲ್ಲ ಅಂತಲ್ಲ. ನಾನು ಮೊದಲಿದ್ದ ಶಾಲೆಯಲ್ಲಿ ಗಣಿತಕ್ಕೆ ಕನ್ನಡವೇ ಬಾರದ ಒಬ್ಬರು ಬಂದರು. ಮಕ್ಕಳು ಬೋರ್ಡಿನ ಅಂಕಿಗಳನ್ನಷ್ಟೇ ಇಳಿಸಿಕೊಂಡು ಕೂತಿರುತ್ತಿದ್ದರು. ಕೊನೆಗೆ ಒಂಬತ್ತನೇ ಕ್ಲಾಸಿನವರು ಅರ್ಜಿ ಬರೆದರು. ಪೀಠಿಕೆಯಿಂದ ‘ಅವಕಾಶದ ಸಮಾನತೆ’ ಅನ್ನುವ ಮಾತನ್ನು ಎತ್ತಿಕೊಂಡು ಅಡಿಗೆರೆ ಹಾಕಿದ್ದರು. ಬಂದವರ ಬಗ್ಗೆ ಒಂದು ಕೆಟ್ಟ ಮಾತಿರಲಿಲ್ಲ. ತಪ್ಪು ಅವರನ್ನು ಕಳಿಸಿದವರದ್ದು ಅಂತ ಮಕ್ಕಳಿಗೇ ಗೊತ್ತಿತ್ತು. ಬದಲಿ ಟೀಚರ್ ಬರಲು ತಿಂಗಳುಗಳೇ ಬೇಕಾದವು. ಆ ಸಿಟ್ಟು ನನಗೆ ಇವತ್ತಿಗೂ ಇದೆ. ಆದರೆ ಆ ಅರ್ಜಿಯ ಕಾಪಿಯನ್ನು ನಾನು ಹೊಸ ಬ್ಯಾಚಿಗೆಲ್ಲ ತೋರಿಸುತ್ತೇನೆ.

ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಮೂರನ್ನೂ ಬೇರೆ ಬೇರೆ ಮಾಡಬೇಡಿ ಅಂತ ಅಂಬೇಡ್ಕರ್ 1949ರ ನವೆಂಬರ್ 25ರಂದು ಹೇಳಿದ್ದರು. ಮೂರರಲ್ಲಿ ಕಲಿಸಲು ಕಷ್ಟ ಭ್ರಾತೃತ್ವ. ನಮ್ಮ ಹಕ್ಕು ಕೇಳುವುದು ಬೇಗ ಬರುತ್ತದೆ, ಪಕ್ಕದವರದ್ದು ನೆನಪಾಗುವುದು ತಡ. ಈ ವರ್ಷ 350ಎ ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ನಮ್ಮ ಮನೆಯಲ್ಲಿ ಮಾತಾಡುವುದು ತುಳು. ಹಾಗಾದ್ರೆ ನಾನು ಒಂದನೇ ಕ್ಲಾಸಿನಲ್ಲಿ ತುಳುವಿನಲ್ಲಿ ಕಲಿಯಬೇಕಿತ್ತಲ್ವಾ ಟೀಚರೇ?” ಕನ್ನಡಕ್ಕಾಗಿ ಇಷ್ಟು ವರ್ಷ ಮಾತಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಹೌದು ಮಗಾ, ಕಲಿಯಬೇಕಿತ್ತು ಅಂದೆ. ಪೀಠಿಕೆಯನ್ನು ನಿನ್ನ ಮನೆಮಾತಿನಲ್ಲೇ ಬರೆದು ತಾ ಅಂದೆ. ಮರುದಿನ ಕನ್ನಡ ಅಕ್ಷರದಲ್ಲೇ ಬರೆದು ತಂದಳು. ಭ್ರಾತೃತ್ವ ಇರುವ ಜಾಗದಲ್ಲಿ ಎರಡು ಸಲ ಹೊಡೆದು ಹಾಕಿ, ಅಜ್ಜಿಯನ್ನು ಕೇಳಿ ಬರೆದಿದ್ದಳು: ‘ಒಂಜೇ ಬಂಜಿದ ಜೋಕುಲು’. ಒಂದೇ ಹೊಟ್ಟೆಯ ಮಕ್ಕಳು.