ಇಂಟರ್ನೆಟ್ ಅಧ್ಯಯನದ ಪಾಠಕ್ಕೆ ಸಂಶೋಧನಾ ಲೇಖನಗಳನ್ನು ಎಲ್ಲಿ ಹುಡುಕಬೇಕು?

ನಿಮ್ಮ ಪ್ರಶ್ನೆ ಓದಿ ಸಣ್ಣಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ರಾಯಚೂರಿನ ಪದವಿ ಕಾಲೇಜು, ಹೊಸದಾಗಿ ತಲೆಗೆ ಬಿದ್ದಿರುವ, ಇಂಟರ್ನೆಟ್ಟಿಗೂ ಸಮಾಜಕ್ಕೂ ಇರುವ ನಂಟಿನ ಬಗ್ಗೆ ಪಾಠ ಮಾಡಬೇಕಾದ ‘ಇಂಟರ್ನೆಟ್ ಅಧ್ಯಯನ: ಪರಿಚಯ’ ಎಂಬ ಪೇಪರ್, ಲೈಬ್ರರಿಯಲ್ಲಿ ನೋಡಿದರೆ ಬರೀ ಸಿ ಪ್ರೋಗ್ರಾಮಿಂಗ್ ಮತ್ತು ಟ್ಯಾಲಿ ಪುಸ್ತಕ. ಮೂರು ವರ್ಷದ ಹಿಂದೆ ಕೊಪ್ಪಳದಲ್ಲಿ ನನ್ನ ಪಾಡೂ ಇದೇ ಆಗಿತ್ತು. ಲೇಖನಗಳು ಎಲ್ಲಿ ಸಿಗುತ್ತವೆ, ದುಡ್ಡು ಕೊಡದೆ ಓದಬಹುದಾ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಹೇಗೆ ಮುಟ್ಟಿಸುವುದು ಅಂತ ಕೇಳಿದ್ದೀರಿ. ನಾನು ಎಡವಿದ ಜಾಗದಿಂದಲೇ ಶುರು ಮಾಡುತ್ತೇನೆ.

ಮೊದಲ ವರ್ಷ ನಾನು ಮಾಡಿದ್ದು ಸೋಮಾರಿ ಕೆಲಸ. ಒಂದು ಎಐ ಚಾಟ್ ಆಪ್‌ಗೆ ‘ಇಂಟರ್ನೆಟ್ ಮತ್ತು ಸಮಾಜದ ಬಗ್ಗೆ ಆರು ಮುಖ್ಯ ಪೇಪರ್ ಹೇಳು’ ಅಂದೆ. ಹೆಸರು, ವರ್ಷ, ಪುಟ ಸಂಖ್ಯೆ ಸಮೇತ ಕೊಟ್ಟಿತು. ಹಾಗೇ ಬೋರ್ಡಿನ ಮೇಲೆ ಬರೆದೆ. ಮರುದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸರ್, ಇದರಾಗ ನಾಕು ಎಲ್ಲೂ ಇಲ್ರೀ’ ಅಂದಳು. ನಿಜವಾಗಿಯೂ ಇರಲಿಲ್ಲ. ಜರ್ನಲ್ (ಸಂಶೋಧನಾ ಪತ್ರಿಕೆ) ಹೆಸರು ಸರಿ, ಲೇಖಕರೂ ಇದ್ದಾರೆ, ಲೇಖನ ಮಾತ್ರ ಹುಟ್ಟೇ ಇಲ್ಲ! ಈಗ ಪಿಡಿಎಫ್ ಕೈಗೆ ಸಿಕ್ಕಿ, ಕನಿಷ್ಠ ಮೊದಲ ಎರಡು ಪುಟ ಮತ್ತು ಕೊನೆಯ ಪುಟ ಓದದೆ ಯಾವ ಲೇಖನದ ಹೆಸರನ್ನೂ ಕ್ಲಾಸಿನಲ್ಲಿ ಎತ್ತುವುದಿಲ್ಲ.

ಬಿಟ್ಟಿಯಾಗಿ ಸಿಗುವುದರಲ್ಲಿ ನನಗೆ ಮೊದಲು ಕೈಹಿಡಿದದ್ದು ‘ಫಸ್ಟ್ ಮಂಡೇ’. 1996ರಿಂದ ನಡೆಯುತ್ತಿರುವ ಜರ್ನಲ್, ಹಳೆಯ ಸಂಚಿಕೆಗಳೆಲ್ಲ ತೆರೆದೇ ಇವೆ, ಇಂಗ್ಲಿಷೂ ಅಷ್ಟೇನು ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ‘ಸೋಷಿಯಲ್ ಮೀಡಿಯಾ ಪ್ಲಸ್ ಸೊಸೈಟಿ’, ‘ಇಂಟರ್ನೆಟ್ ಪಾಲಿಸಿ ರಿವ್ಯೂ’ ಕೂಡ ಹಾಗೇ. ‘ನ್ಯೂ ಮೀಡಿಯಾ ಅಂಡ್ ಸೊಸೈಟಿ’ಗೆ ಮಾತ್ರ ಚಂದಾ ಬೇಕು. ನಿಮ್ಮದು ಸರ್ಕಾರಿ ಕಾಲೇಜಾದರೆ ‘ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್’ ಎಂಬ ಕೇಂದ್ರ ಸರ್ಕಾರದ ಯೋಜನೆಯ ಬಗ್ಗೆ ಲೈಬ್ರರಿಯನ್ ಹತ್ತಿರ ಇವತ್ತೇ ಕೇಳಿ. 2025ರ ಜನವರಿಯಲ್ಲಿ ಶುರುವಾದದ್ದು, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಒದಗಿಸುವ ಹಳೆಯ ಎನ್-ಲಿಸ್ಟ್ ಲಾಗಿನ್ ಇದೆಯಾ ಅಂತಲೂ ವಿಚಾರಿಸಿ. ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ಆ ಪಾಸ್‌ವರ್ಡ್ ಬರೆದಿದ್ದ ಚೀಟಿ ಎರಡು ವರ್ಷ ಡ್ರಾಯರಿನಲ್ಲೇ ಮಲಗಿತ್ತು. ಇಷ್ಟಾದರೂ ಸಿಗದಿದ್ದರೆ, ಸಂಶೋಧನಾ ಲೇಖನಗಳನ್ನಷ್ಟೇ ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿರುವ ‘ಆಲ್ ವರ್ಷನ್ಸ್’ ಒತ್ತಿ. ಲೇಖಕರೇ ತಮ್ಮ ಪುಟದಲ್ಲಿ ಹಾಕಿದ ಪ್ರತಿ ಎಷ್ಟೋ ಸಲ ಅಲ್ಲಿರುತ್ತದೆ.

ಆದರೆ ಜರ್ನಲ್ ಹೆಸರು ಗೊತ್ತಾದ ಮಾತ್ರಕ್ಕೆ ಪಾಠ ಆಗಲ್ಲ. ಅಲ್ಲಿಗೆ ಹೋಗುವ ಮುಂಚೆ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು. ಅದು ನಮ್ಮ ಊರಿನ ಆನ್‌ಲೈನ್ ಸೆಂಟರ್‌ನಲ್ಲೇ ಸಿಗುತ್ತದೆ.

ಎರಡನೇ ವರ್ಷ ಒಬ್ಬ ಹುಡುಗನನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಸುಮ್ನೆ ಕೂತು ನೋಡು ಅಂತ ಕಳಿಸಿದೆ. ಅಂಗಡಿಯವರಿಗೆ ಹೇಳಿ, ಯಾರ ಹೆಸರನ್ನೂ ಬರೆಯದೆ. ಅವನು ತಂದ ಟಿಪ್ಪಣಿ ಇವತ್ತಿಗೂ ನನ್ನ ಹತ್ತಿರ ಇದೆ. ಯಲಬುರ್ಗಾ ಕಡೆಯ ಒಬ್ಬ ರೈತ ಬರುತ್ತಾರೆ, ಪಹಣಿ ಬೇಕು. ಅಂಗಿ ಕಿಸೆಯಿಂದ ಕೀಪ್ಯಾಡ್ ಫೋನ್ ತೆಗೆದು ಹಾಗೇ ಟೇಬಲ್ ಮೇಲೆ ಇಡುತ್ತಾರೆ. ಕಂಪ್ಯೂಟರ್ ಮುಂದಿನ ಹುಡುಗ ಟೈಪ್ ಮಾಡುತ್ತಲೇ, ‘ಯಜಮಾನ್ರ, ಓಟಿಪಿ ಬಂತೇನ್ ನೋಡ್ರಿ’ ಅನ್ನುತ್ತಾನೆ. ಅವರು, ‘ನೀನ ನೋಡಪಾ’ ಅನ್ನುತ್ತಾರೆ. ಇಷ್ಟೇ. ಈ ರೈತ ಇಂಟರ್ನೆಟ್ ಬಳಸಿದರೋ ಇಲ್ಲವೋ? ಕ್ಲಾಸು ಎರಡು ಪಾಲಾಯಿತು, ಗಂಟೆ ಹೊಡೆದರೂ ಜಗಳ ಮುಗಿಯಲಿಲ್ಲ.

ಇದೇ ವಿಷಯದ ಮೇಲೆ ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರ 2010ರ ಲೇಖನ ಇದೆ. ಬೆಂಗಳೂರಿನ ಕೊಳೆಗೇರಿಗಳಲ್ಲಿ ಓಡಾಡಿ, ಒಬ್ಬರ ಪರವಾಗಿ ಇನ್ನೊಬ್ಬರು ಫೋನ್, ಕಂಪ್ಯೂಟರ್ ಬಳಸುವುದನ್ನು ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಇಂಟರ್‌ಮೀಡಿಯೇಟೆಡ್ ಯೂಸ್’ ಅಂತ ಹೆಸರು. ನಾವು ಕ್ಲಾಸಿನಲ್ಲಿ ‘ಇನ್ನೊಬ್ಬರ ಕೈಯಿಂದ ಬಳಕೆ’ ಅಂದುಕೊಂಡೆವು. ಗೂಗಲ್ ಸ್ಕಾಲರ್‌ನಲ್ಲಿ ಆ ಲೇಖನದ ಕೆಳಗೆ ‘ಸೈಟೆಡ್ ಬೈ’ ಒತ್ತಿದರೆ, ಅದನ್ನು ಓದಿ ಮುಂದೆ ಬರೆದವರೆಲ್ಲ ಸಾಲಾಗಿ ಬರುತ್ತಾರೆ. ಕೊನೆಯ ಪುಟಗಳ ಆಕರ ಪಟ್ಟಿ ಹಿಡಿದು ಹೋದರೆ ಹಿಂದಿನವರು ಸಿಗುತ್ತಾರೆ. ಹೀಗೆ ಒಂದೇ ಎಳೆ ಹಿಡಿದು ಎರಡು ವಾರದ ಓದು ಸಿಕ್ಕಿತು. ‘ಇಂಟರ್ನೆಟ್ ಸೊಸೈಟಿ ಇಂಡಿಯಾ’ ಅಂತ ಗೂಗಲ್ ಮಾಡಿದ್ದರೆ ಸಿಗುತ್ತಿದ್ದದ್ದು ಕೋಚಿಂಗ್ ಸೈಟುಗಳ ಪ್ರಬಂಧ, ಅಲ್ವಾ?

ಇದರ ಜೊತೆಗೆ ಶ್ರೀರಾಮ್ ವೆಂಕಟರಾಮನ್ ಅವರ ‘ಸೋಷಿಯಲ್ ಮೀಡಿಯಾ ಇನ್ ಸೌತ್ ಇಂಡಿಯಾ’ ಇಟ್ಟುಕೊಳ್ಳಿ. 2017ರಲ್ಲಿ ಲಂಡನ್ನಿನ ಯುಸಿಎಲ್ ಪ್ರೆಸ್ ತಂದದ್ದು, ಇಡೀ ಪುಸ್ತಕದ ಪಿಡಿಎಫ್ ಉಚಿತ. ಚೆನ್ನೈ ಹತ್ತಿರ ಐಟಿ ಪಾರ್ಕ್ ಪಕ್ಕದ ಹಳ್ಳಿಗಳ ಕಥೆ. ಮನೆ, ಜಾತಿ, ಹೆಣ್ಣುಮಕ್ಕಳ ಕೈಯಲ್ಲಿ ಫೋನ್ ಇವೆಲ್ಲ ಬರುವುದರಿಂದ ನಮ್ಮ ಮಕ್ಕಳಿಗೆ ಪರಕೀಯ ಅನಿಸುವುದಿಲ್ಲ.

ಅಂಕಿಅಂಶಕ್ಕೆ ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿ ಪ್ರಕಾರ, ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ಶೇ. 33, ಗಂಡಸರು ಶೇ. 57. ಈ ಸಂಖ್ಯೆ ಹೇಳಿ, ಮನೆಯಲ್ಲಿ ಅದೇ ಪ್ರಶ್ನೆ ಕೇಳಿ ಬರಲು ಹೇಳಿದೆ. ಒಬ್ಬಳು ಬಂದು, ‘ನಮ್ಮವ್ವ ದಿನಾ ಯೂಟ್ಯೂಬಿನಾಗ ಭಜನೆ ಕೇಳ್ತಾಳ್ರೀ, ಇಂಟರ್ನೆಟ್ ಮಾತ್ರ ಗೊತ್ತಿಲ್ಲ ಅಂತಾಳ’ ಅಂದಳು. ಪ್ರಶ್ನೆ ಕೇಳುವ ರೀತಿಯಿಂದಲೇ ಉತ್ತರ ಬದಲಾಗುತ್ತದೆ ಅನ್ನೋದಕ್ಕೆ ನಾನು ಬೇರೆ ಉದಾಹರಣೆ ಕೊಡಬೇಕಾಗಲಿಲ್ಲ.

ಕಾನೂನಿನ ಭಾಗಕ್ಕೆ ಯಾರೋ ಬರೆದ ಸಾರಾಂಶಕ್ಕಿಂತ ಮೂಲ ಕಾಗದಗಳೇ ಲೇಸು. ಆನ್‌ಲೈನ್ ಬರಹಕ್ಕೆ ಜೈಲಿಗೆ ಹಾಕಬಹುದಾಗಿದ್ದ, ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿದ 2015ರ ಶ್ರೇಯಾ ಸಿಂಘಾಲ್ ತೀರ್ಪು, ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪು ಎರಡೂ ಬಿಟ್ಟಿ ಸಿಗುತ್ತವೆ. ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು ಅಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಪೂರ್ತಿ ತೀರ್ಪು ಓದಿಸಲು ಹೋಗಬೇಡಿ, ನೂರಾರು ಪುಟ. ನಾಲ್ಕು ಪುಟ ಆರಿಸಿ ಕೊಡಿ ಸಾಕು.

ಇತಿಹಾಸದ ವಿಷಯದಲ್ಲಿ ಒಂದು ತಮಾಷೆ. ನಮ್ಮ ಮಕ್ಕಳ ಲೆಕ್ಕದಲ್ಲಿ ಇಂಟರ್ನೆಟ್ ಹುಟ್ಟಿದ್ದು 2016ರಲ್ಲಿ, ಜಿಯೋ ಜೊತೆ. 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಇದನ್ನು ಜನಸಾಮಾನ್ಯರಿಗೆ ತೆರೆದಿತ್ತು ಅಂದರೆ ಬಾಯಿ ಬಿಡುತ್ತಾರೆ. ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದು. ಹಳೆಯ ವೆಬ್ ಪುಟಗಳ ಪ್ರತಿ ಕಾಪಿಟ್ಟಿರುವ ವೇಬ್ಯಾಕ್ ಮಷೀನ್ ತಾಣದಲ್ಲಿ ಇಪ್ಪತ್ತು ವರ್ಷ ಹಿಂದಿನ ಯಾವುದಾದರೂ ಕನ್ನಡ ಜಾಲತಾಣ ತೆಗೆಯಿರಿ. ಎಷ್ಟೋ ಪುಟಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸ ಕಾಣುತ್ತದೆ. ಆಗ ಒಂದೊಂದು ತಾಣಕ್ಕೆ ಒಂದೊಂದು ಫಾಂಟ್. ಆ ಫಾಂಟ್ ನಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಓದಲು ಬರಲ್ಲ, ಹುಡುಕಲಂತೂ ಆಗುತ್ತಲೇ ಇರಲಿಲ್ಲ. ಅಲ್ಲಿಂದ ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ತಂದ ಯೂನಿಕೋಡ್, ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸ, 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, ಹೀಗೆ ಒಂದು ವಾರ ಆರಾಮಾಗಿ ಹೋಗುತ್ತದೆ. ನನ್ನ ಇಡೀ ಸೆಮಿಸ್ಟರಿನಲ್ಲಿ ಮಕ್ಕಳು ತಾವಾಗೇ ಜಾಸ್ತಿ ಪ್ರಶ್ನೆ ಕೇಳುವುದು ಈ ವಾರದಲ್ಲೇ.

ಭಾಷೆಯ ತೊಡಕಿಗೆ ನನ್ನ ದಾರಿ ಹೀಗಿದೆ: ವಾರಕ್ಕೆ ಒಂದೇ ಲೇಖನ, ಅದರಲ್ಲಿ ಮೂರೇ ಪ್ಯಾರಾ. ಇಬ್ಬಿಬ್ಬರು ಕೂತು ಆಡುಮಾತಿನಲ್ಲಿ ಬರೆದು ತರಬೇಕು. ‘ಅಲ್ಗಾರಿದಮ್’ ಹಾಗೇ ಇರಲಿ, ಅದಕ್ಕೆ ಸಂಸ್ಕೃತ ಪದ ಹುಡುಕುತ್ತಾ ಕೂತರೆ ಅರ್ಧ ಗಂಟೆ ಹೋಗುತ್ತದೆ.

ಮಕ್ಕಳು ವಾಟ್ಸಾಪ್ ಗ್ರೂಪ್, ಇನ್‌ಸ್ಟಾಗ್ರಾಮ್ ಕಾಮೆಂಟ್ ಮೇಲೆ ಪ್ರಾಜೆಕ್ಟ್ ಮಾಡ್ತೀವಿ ಅಂದರೆ, ಅಸೋಸಿಯೇಷನ್ ಆಫ್ ಇಂಟರ್ನೆಟ್ ರಿಸರ್ಚರ್ಸ್ 2019ರಲ್ಲಿ ತಂದ ನೀತಿ ಮಾರ್ಗಸೂಚಿ ಮೊದಲು ನೀವು ಓದಿಕೊಳ್ಳಿ. ಒಬ್ಬ ಹುಡುಗ ತನ್ನ ಅತ್ತಿಗೆಯ ಗ್ರೂಪಿನ ಸ್ಕ್ರೀನ್‌ಶಾಟ್‌ಗಳನ್ನು ನಂಬರ್ ಸಮೇತ ಪ್ರಿಂಟ್ ಹಾಕಿಸಿ ತಂದಿದ್ದ. ಆ ಫೈಲನ್ನು ನಾನೇ ಕೂತು ಹರಿದು ಹಾಕಿದೆ.

ಮೊದಲ ನಾಲ್ಕು ವಾರದ ಕನ್ನಡ ಟಿಪ್ಪಣಿ ನನ್ನ ಹತ್ತಿರ ಇದೆ, ಕೈಬರಹದ್ದು. ಬೇಕಿದ್ದರೆ ಮೆಸೇಜ್ ಮಾಡಿ, ಸ್ಕ್ಯಾನ್ ಮಾಡಿ ಕಳಿಸುತ್ತೇನೆ.