ಗಾಡಿಯಲ್ಲೇ ಇದ್ದು ಕೆಲಸ ಮಾಡಲು ಪಿಕಪ್ ಜೊತೆ ಕ್ಯಾರವಾನ್ ಬೇಕಾ, ವ್ಯಾನ್ ಸಾಕಾ?

ಹುಬ್ಬಳ್ಳಿಯ ಬಾಡಿಗೆ ಮನೆ ಬಿಟ್ಟು ಗಾಡಿಯಲ್ಲೇ ಇರಬೇಕು, ಅಲ್ಲಿಂದಲೇ ಕಂಪನಿ ಕೆಲಸ ಮಾಡಬೇಕು, ಅಮೆರಿಕದವರ ಹಾಗೆ ದೊಡ್ಡ ಪಿಕಪ್ ತಗೊಂಡು ಹಿಂದೆ ಕ್ಯಾರವಾನ್ (ಒಳಗೆ ವಾಸ ಮಾಡುವ ಟ್ರೇಲರ್) ಎಳೆಯಲಾ ಅಂತ ಕೇಳಿದ್ದೀರಿ. ನಾನು ಎರಡೂವರೆ ವರ್ಷದಿಂದ ತಿಂಗಳಿಗೆ ಹದಿನೈದು-ಇಪ್ಪತ್ತು ದಿನ ಫೋರ್ಸ್ ಟ್ರಾವೆಲರ್ ವ್ಯಾನಿನ ಒಳಗೇ ಇದ್ದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಎಳೆಯುವ ಕ್ಯಾರವಾನ್ ಬೇಡ. ಒಳಗೆ ನೆಟ್ಟಗೆ ನಿಲ್ಲಲು ಬರುವ ಒಂದು ವ್ಯಾನ್ ತಗೊಳ್ಳಿ.

ಅಮೆರಿಕದಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಅಲ್ಲಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ 30 ಅಥವಾ 50 ಆಂಪಿಯರ್ ಕರೆಂಟ್, ನೀರಿನ ನಲ್ಲಿ, ಹೊಲಸು ನೀರು ಬಿಡುವ ಪೈಪು ಎಲ್ಲಾ ಸಿಗುತ್ತದೆ. ಕ್ಯಾರವಾನ್ ಬಿಚ್ಚಿಟ್ಟು ಪಿಕಪ್ ತಗೊಂಡು ಸಂತೆಗೆ ಹೋಗಬಹುದು. ನಮ್ಮ ಕಡೆ ಹಾಗಲ್ಲ. ಲಕ್ಕುಂಡಿಯಂಥ ಊರಿನ ಓಣಿಯಲ್ಲಿ ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೊಡೆಯುವುದನ್ನು ಯೋಚಿಸಿ ನೋಡಿ. ಅಮೆರಿಕದವರೂ ಜಾಸ್ತಿ ಮೋಸಹೋಗುವುದು ತೂಕದಲ್ಲಿ. ಜಾಹೀರಾತಿನಲ್ಲಿ ಎಷ್ಟು ಟನ್ ಎಳೆಯುತ್ತದೆ ಅಂತ ಇರುತ್ತದೆ. ಆದರೆ ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಪಾಲು ಪಿಕಪ್ಪಿನ ಕೊಂಡಿಯ ಮೇಲೇ ಕೂರುತ್ತದೆ. 3,000 ಕಿಲೋ ಟ್ರೇಲರ್ ಅಂದರೆ 300ರಿಂದ 450 ಕಿಲೋ. ಅದಕ್ಕೆ ಮಂದಿ, ಸಾಮಾನು ಸೇರಿದರೆ, ಎಳೆಯುವ ಶಕ್ತಿ ಇನ್ನೂ ಇರುವಾಗಲೇ ಹೊರುವ ಶಕ್ತಿ ಮುಗಿದಿರುತ್ತದೆ.

ವ್ಯಾನಿಗೂ ಅದೇ ಲೆಕ್ಕ. ನಾನು ಮೊದಲು ಕಪಾಟು, ಮಂಚ ಎಲ್ಲಾ ದಪ್ಪ ಪ್ಲೈವುಡ್‌ನಲ್ಲಿ ಮಾಡಿಸಿದೆ. ಎರಡು ಟ್ಯೂಬ್ಯುಲರ್ ಬ್ಯಾಟರಿ, 150 ಲೀಟರ್ ನೀರು ತುಂಬಿಸಿ ಅಮರಗೋಳದ ಹತ್ತಿರ ವೇಬ್ರಿಜ್ ಮೇಲೆ ನಿಲ್ಲಿಸಿದಾಗ ಚೀಟಿ ನೋಡಿ ಎದೆ ಧಸಕ್ಕೆಂದಿತು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಮಿತಿಯ ಹತ್ತಿರ ಬಂದುಬಿಟ್ಟಿತ್ತು, ನಾನಿನ್ನೂ ಬಟ್ಟೆ-ಪಾತ್ರೆ ಇಟ್ಟಿರಲಿಲ್ಲ. ಎಲ್ಲಾ ಬಿಚ್ಚಿಸಿ ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿದೆ. ಬ್ಯಾಟರಿಯನ್ನು ಲಿಥಿಯಂಗೆ ಬದಲಿಸಿದ್ದರಿಂದಲೇ 80 ಕಿಲೋ ಇಳಿಯಿತು. ಹಾಗಾಗಿ ಖಾಲಿ ಗಾಡಿ ಒಮ್ಮೆ, ಅರ್ಧ ಕೆಲಸ ಆದಮೇಲೆ ಒಮ್ಮೆ, ತುಂಬಿದ ಮೇಲೆ ಒಮ್ಮೆ ತೂಗಿಸಿ.

ಆಮೇಲೆ ಮೇಜು. ವಿಡಿಯೊಗಳಲ್ಲಿ ಎಲ್ಲರೂ ಹಾಸಿಗೆ, ಅಡುಗೆ ಕಟ್ಟೆ ತೋರಿಸುತ್ತಾರೆ. ನೀವು ದಿನಕ್ಕೆ ಎಂಟು ತಾಸು ಕೂರುವುದು ಕುರ್ಚಿ ಮೇಲೆ, ಅಲ್ವಾ? ಮಡಚುವ ಹಲಗೆ ಮೇಲೆ ಎರಡು ವಾರ ಕೆಲಸ ಮಾಡಿ ನನ್ನ ಸೊಂಟ ಹಿಡಿದುಕೊಂಡಿತ್ತು. ಈಗ ಮುಂದಿನ ಸೀಟು ಹಿಂದಕ್ಕೆ ತಿರುಗುತ್ತದೆ, ಮೇಜು ಕದಲುವುದಿಲ್ಲ. ಹಾಸಿಗೆಯ ಅಗಲ ಕಮ್ಮಿ ಮಾಡಿದರೂ ಮೇಜಿನ ಜಾಗ ಕಮ್ಮಿ ಮಾಡಬೇಡಿ.

ಕರೆಂಟಿನ ಲೆಕ್ಕ ಗಾಡಿ ಕೊಳ್ಳುವ ಮುಂಚೆಯೇ ಹಾಕಿ. ನನ್ನ ಲ್ಯಾಪ್‌ಟಾಪ್, ಮಾನಿಟರ್ ಸೇರಿ 85 ವಾಟ್. ಎಂಟು ತಾಸಿಗೆ 680 ವಾಟ್-ಅವರ್. ಅದೇ ಲೆಕ್ಕದಲ್ಲಿ ದಿನಕ್ಕೆ ಫ್ಯಾನ್ 420, ಸಣ್ಣ ಫ್ರಿಜ್ ಸುಮಾರು 400, ರೂಟರ್ 120. ಒಟ್ಟು 1,620. 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಎರಡು ಇದ್ದರೆ 2,560 ಬರುತ್ತದೆ, ಅಂದರೆ ಒಂದೂವರೆ ದಿನ. ಎಸಿ, ಇಂಡಕ್ಷನ್ ಒಲೆ ಮರೆತುಬಿಡಿ.

ನಮ್ಮ ಬಿಸಿಲಲ್ಲಿ ಒಂದು ಪೇಚಾಟ ಇದೆ. ಏಪ್ರಿಲ್‌ನಲ್ಲಿ ಗದಗದ ಕಡೆ ಮಧ್ಯಾಹ್ನ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಲೇಬೇಕು. ನಿಲ್ಲಿಸಿದರೆ ಟಾಪ್ ಮೇಲಿನ 400 ವಾಟ್ ಸೋಲಾರ್ ಸತ್ತಂತೆ. ಒಂದು ಕೊಂಬೆಯ ನೆರಳು ಬಿದ್ದರೂ ಸಾಕು, ಕರೆಂಟ್ ಬಿದ್ದುಹೋಗುತ್ತದೆ. ಅದಕ್ಕೇ 200 ವಾಟಿನ ಮಡಚುವ ಪ್ಯಾನೆಲ್ ಬೇರೆ ಇಟ್ಟಿದ್ದೇನೆ. ಹತ್ತು ಮೀಟರ್ ದಪ್ಪ ವೈರ್ ಎಳೆದು ಬಿಸಿಲಿಗೆ ಹಚ್ಚುತ್ತೇನೆ. ನಾನು ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಮಳೆಗಾಲಕ್ಕೆ ಎಂಜಿನ್‌ನಿಂದ ಚಾರ್ಜ್ ಮಾಡುವ 30 ಆಂಪಿಯರ್‌ನ ಡಿಸಿ ಚಾರ್ಜರ್ ಹಾಕಿಸಿ. ಎರಡು ತಾಸು ಓಡಿಸಿದರೆ ಅರ್ಧ ದಿನದ ಕೆಲಸಕ್ಕೆ ಸಾಲುತ್ತದೆ.

ಫೋರ್ ವೀಲ್ ಡ್ರೈವ್ ಬೇಕಾ ಅಂತಲೂ ಕೇಳಿದ್ದೀರಿ. ಎರಿ (ಕಪ್ಪು ಮಣ್ಣಿನ) ಹೊಲದ ದಾರಿಗೆ ಮಳೆಯಲ್ಲಿ ಇಳಿಯದಿದ್ದರೆ ಬೇಡ. ನವಲಗುಂದದ ಹತ್ತಿರ ಒಮ್ಮೆ ಸಣ್ಣ ಮಳೆ ಬಿದ್ದ ಮೇಲೆ ಹೊಲದ ಬದಿಗೆ ಇಳಿಸಿದೆ. ಹಿಂದಿನ ಗಾಲಿ ಎರಡೂ ಮಣ್ಣು ಮೆತ್ತಿಕೊಂಡು ರೊಟ್ಟಿ ಹಿಟ್ಟಿನ ಉಂಡೆಯ ಹಾಗಾದವು. ಟ್ರ್ಯಾಕ್ಟರ್ ತಂದು ಎಳೆದ ಅಜ್ಜ, 'ಎರಿ ಭೂಮಿ ಐತಿ ತಮ್ಮಾ, ಮಳಿಯಾಗ ಎತ್ತಿನ ಕಾಲs ಹಿಡೀತೈತಿ' ಅಂದ. ಅವತ್ತು ಹತ್ತು ಗಂಟೆಯ ಮೀಟಿಂಗ್ ಟ್ರ್ಯಾಕ್ಟರ್ ಪಕ್ಕ ನಿಂತು ಫೋನಿನಲ್ಲೇ ಮುಗಿಸಿದೆ. ಅಲ್ಲಿಂದ ಈಚೆ ಡಾಂಬರು ಅಥವಾ ಗರಸು ಹಾಕಿದ ಜಾಗ ಬಿಟ್ಟು ಎಲ್ಲೂ ನಿಲ್ಲಿಸುವುದಿಲ್ಲ. ಸಿಮ್ ಎರಡು ಕಂಪನಿಯದ್ದಿರಲಿ. ಕಪ್ಪತಗುಡ್ಡದ ಬುಡದಲ್ಲಾಗಲಿ, ಅಂಕೋಲಾ ದಾರಿಯ ಅರಬೈಲು ಘಾಟಿನಲ್ಲಾಗಲಿ ಒಂದನ್ನೇ ನಂಬಿ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಕಾಗದಪತ್ರ ಮಾತ್ರ ಸಡಿಲ ಬಿಡಬೇಡಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ಮನಸ್ಸಿಗೆ ಬಂದ ಹಾಗೆ ಗಾಡಿ ಬದಲಿಸುವಂತಿಲ್ಲ. ಮೋಟಾರ್ ಕ್ಯಾರವಾನ್‌ಗೆ, ಅಂದರೆ ಒಳಗೇ ವಾಸ ಮಾಡುವ ಹಾಗೆ ಕಟ್ಟಿದ ಗಾಡಿಗೆ, ಎಐಎಸ್-124 ಅಂತ ಬೇರೆ ಮಾನದಂಡವೇ ಇದೆ. ನಾನು ಮೊದಲು ಮಾತಾಡಿದ ವರ್ಕ್‌ಶಾಪಿನವರು 'ಆಮೇಲೆ ಮಾಡಿಸೋಣ' ಅಂದರು. ಅಡ್ವಾನ್ಸ್ ಕೊಡದೆ ಎದ್ದು ಬಂದೆ. ಆರ್‌ಸಿಯಲ್ಲಿ ಒಂದಿದ್ದು ಗಾಡಿ ಇನ್ನೊಂದಿದ್ದರೆ ಅಪಘಾತ ಆದಾಗ ಇನ್ಶೂರೆನ್ಸ್ ಸಿಗುವುದು ಕಷ್ಟ. ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಆಮೇಲೆ ಕಬ್ಬಿಣ ಕತ್ತರಿಸಿ.

ಹಳೆ ಗಾಡಿ ನೋಡುತ್ತಿದ್ದರೆ ಎಂಜಿನ್‌ಗಿಂತ ಮೊದಲು ತುಕ್ಕು ನೋಡಿ: ಮೆಟ್ಟಿಲ ಕೆಳಗೆ, ಗಾಲಿಯ ಮೇಲಿನ ಕಮಾನಿನಲ್ಲಿ, ಟಾಪಿನ ಜೋಡಣೆಯಲ್ಲಿ. ಮೇಲಿಂದ ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಿಸಿ ನೀವು ಬಾಗಿಲು ಹಾಕಿಕೊಂಡು ಒಳಗೆ ಕೂತಿರಿ. ಎಲ್ಲಾದರೂ ಒಂದು ಹನಿ ಕಂಡರೂ ಆ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ರೇಟು ಆಮೇಲೆ ಮಾತಾಡಿ.